79ನೆಯ ಕಂಬ

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ನಗರದಲ್ಲಿ ವಿಮಾನಗಳ ಹೊಡೆತಕ್ಕೆ ಸಿಕ್ಕಿ ಎರಡು ಗೋಪುರಗಳು ನೆಲಕ್ಕುರುಳಿದ ಸಂಗತಿಯನ್ನು ಅರಿಯದವರು ವಿರಳ. ಅದೇ ದಿನ ಸಂಜೆ 5 ಗಂಟೆ 20 ನಿಮಿಷದ ಹೊತ್ತಿಗೆ ಅವುಗಳ ನೆರೆಯಲ್ಲಿದ್ದ ಮತ್ತೊಂದು ಬಹುಮಹಡಿ ಕಟ್ಟಡವೂ ಕುಸಿಯಿತೆಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅದಕ್ಕೆ ಯಾವ ವಿಮಾನವೂ ಬಡಿದಿರಲಿಲ್ಲ. 'ಸೆವೆನ್ ವರ್ಲ್ಡ್ ಟ್ರೇಡ್ ಸೆಂಟರ್' ಎಂಬ ಹೆಸರಿನ ಆ ಕಟ್ಟಡ 1987ರಲ್ಲಿ ಪೂರ್ಣಗೊಂಡದ್ದು; 47 ಮಹಡಿಗಳು, ಕೆಂಪು ಗ್ರಾನೈಟಿನ ಹೊದಿಕೆ, ಒಳಗೆ ಹಣಕಾಸು ಸಂಸ್ಥೆಗಳ ಮತ್ತು ಸರ್ಕಾರದ ಕಚೇರಿಗಳು. ವಿಪತ್ತು ಬಂದೊದಗಿದಾಗ ಇಡೀ ನಗರವನ್ನು ಕಾಪಾಡಬೇಕಾದ ತುರ್ತು ನಿರ್ವಹಣಾ ಕೇಂದ್ರವೂ ಅದರ 23ನೆಯ ಮಹಡಿಯಲ್ಲಿಯೇ ಇತ್ತು!

ಇಂದು ಅದೇ ನೆಲದ ಮೇಲೆ 52 ಮಹಡಿಗಳ, 226 ಮೀಟರ್ ಎತ್ತರದ ಗಾಜಿನ ಸೌಧವೊಂದು ನಿಂತಿದೆ. 2002ರ ಮೇ ತಿಂಗಳಲ್ಲಿ ಆರಂಭವಾದ ಅದರ ನಿರ್ಮಾಣ 2006ರ ಮೇ 23ರಂದು ಮುಗಿದು ಬಾಗಿಲು ತೆರೆಯಿತು. ಹೆಸರು ಅದೇ, ವಿಳಾಸ ಅದೇ. ವಸ್ತು ಅದೇ ಆಗಿದೆಯೇ?

ಜೈನದರ್ಶನದ ಪಾಲಿಗೆ ಇದು ಅಪರಿಚಿತವಾದ ಪ್ರಶ್ನೆಯಲ್ಲ. ಇರುವಿಕೆ ಎಂಬುದು ಉತ್ಪಾದ, ವ್ಯಯ, ಧ್ರೌವ್ಯಗಳೆಂಬ ಮೂರು ಲಕ್ಷಣಗಳಿಂದ ಕೂಡಿದೆ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಹುಟ್ಟುವುದು, ಅಳಿಯುವುದು, ಉಳಿಯುವುದು ಈ ಮೂರೂ ಒಂದೇ ವಸ್ತುವಿನಲ್ಲಿ ಒಂದೇ ಕ್ಷಣದಲ್ಲಿ ನಡೆದಿರುತ್ತವೆ. ಆಚಾರ್ಯ ಸಮಂತಭದ್ರರು ಇದನ್ನು ವಿವರಿಸಲು ಆಪ್ತಮೀಮಾಂಸೆಯಲ್ಲಿ ಬಳಸಿದ ದೃಷ್ಟಾಂತ ಪ್ರಸಿದ್ಧವಾದುದು. ಬಂಗಾರದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ, ಕೊಡವನ್ನು ಬಯಸಿದವನು ದುಃಖಿಸುತ್ತಾನೆ. ಕಿರೀಟವನ್ನು ಬಯಸಿದವನು ಹಿಗ್ಗುತ್ತಾನೆ. ಬಂಗಾರವನ್ನಷ್ಟೇ ಕಂಡವನು ಎರಡೂ ಇಲ್ಲದೆ ಮಧ್ಯಸ್ಥನಾಗಿರುತ್ತಾನೆ. ಕೊಡವೂ ಕಿರೀಟವೂ ಪರ್ಯಾಯಗಳು, ಬಂಗಾರ ದ್ರವ್ಯ.

ನ್ಯೂಯಾರ್ಕಿನ ಆ ನೆಲದಲ್ಲಿ ಈ ದೃಷ್ಟಾಂತ ಅಕ್ಷರಶಃ ನಡೆದುಹೋಯಿತು. ಉರುಳಿದ ಅವಳಿ ಗೋಪುರಗಳ ಉಕ್ಕಿನ ಒಂದು ಪಾಲು ಗುಜರಿಯಾಗಿ ಹಡಗನ್ನೇರಿ 2002ರಲ್ಲಿ ನಮ್ಮ ಚೆನ್ನೈ ಬಂದರಿಗೆ ಬಂದಿಳಿಯಿತು. ಕುಲುಮೆಯಲ್ಲಿ ಕರಗಿದ ಮೇಲೆ ಅದು ಎಲ್ಲಿ ಸಲಾಕೆಯಾಯಿತೋ, ಎಲ್ಲಿ ಕಿಟಕಿಯ ಸರಳಾಯಿತೋ ಹೇಳಬಲ್ಲವರಿಲ್ಲ. ಮತ್ತೊಂದು ಪಾಲು, ಸುಮಾರು ಏಳೂವರೆ ಟನ್ನಿನಷ್ಟು, ಅಮೆರಿಕದ ನೌಕಾಪಡೆಯ ಹಡಗೊಂದರ ಮೂತಿಯಾಗಿ ಎರಕಗೊಂಡಿತು. 'ಯುಎಸ್‌ಎಸ್ ನ್ಯೂಯಾರ್ಕ್' ಎಂಬ ಆ ಯುದ್ಧನೌಕೆ 2009ರಲ್ಲಿ ಸೇವೆಗೆ ಸೇರಿತು. ಒಂದೇ ಪುದ್ಗಲ ಒಂದು ಕಡೆ ಕಟ್ಟುವ ಸಲಕರಣೆ, ಮತ್ತೊಂದು ಕಡೆ ಯುದ್ಧದ ಸಲಕರಣೆ. ಉಕ್ಕಿಗೆ ಇದರಲ್ಲಿ ಆಯ್ಕೆಯಿಲ್ಲ. ಆಯ್ಕೆ ಇರುವುದು ಜೀವಕ್ಕೆ, ಅದರ ಭಾವಕ್ಕೆ.

ಇಷ್ಟು ಹೇಳಿ ನಿಲ್ಲಿಸಿದರೆ ಪ್ರವಚನ ಸುಖಾಂತವಾಗುತ್ತದೆ. ಎಲ್ಲವೂ ಅನಿತ್ಯ, ಗೋಪುರಗಳೂ ಅನಿತ್ಯ, ಆದ್ದರಿಂದ ಮೋಹ ಬಿಡಿ ಎಂದು ಹೇಳಿ ಮಂಗಲ ಹಾಡಬಹುದು. ಚಾತುರ್ಮಾಸದ ಸಭೆಗಳಲ್ಲಿ ಅನಿತ್ಯಾನುಪ್ರೇಕ್ಷೆಯನ್ನು ಕೇಳಿ ಮನೆಗೆ ಹೊರಟ ಶ್ರಾವಕರಲ್ಲಿ ಅನೇಕರು ಆ ಮಾತನ್ನು ಬೇರೊಂದು ಅರ್ಥದಲ್ಲಿಯೇ ಹೊತ್ತುಕೊಂಡು ಹೋಗುವುದುಂಟು. ಹೋಗುವುದು ಹೋಗಿಯೇ ತೀರುತ್ತದೆ, ಮನುಷ್ಯ ಪ್ರಯತ್ನದಿಂದ ಆಗುವುದೇನು ಎಂಬ ಒಂದು ಬಗೆಯ ಆಲಸ್ಯ ಅದು. ವೈರಾಗ್ಯದ ವೇಷ ತೊಟ್ಟ ಈ ಆಲಸ್ಯಕ್ಕೆ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ: ಪ್ರಮಾದ.

ಆ ಸಂಜೆ ಕಟ್ಟಡ ಏಕೆ ಬಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಬೆಳಿಗ್ಗೆ 10 ಗಂಟೆ 28 ನಿಮಿಷಕ್ಕೆ ಉತ್ತರದ ಗೋಪುರ ಕುಸಿದಾಗ ಅದರ ಉರಿಯುವ ಅವಶೇಷಗಳು ಈ ಕಟ್ಟಡದ ಮೇಲೆ ಬಿದ್ದು ಹಲವು ಮಹಡಿಗಳಲ್ಲಿ ಬೆಂಕಿ ಹೊತ್ತಿತು. ಕೆಳಗಿನ ಮಹಡಿಗಳಲ್ಲಿ ಬೆಂಕಿ ಕಂಡೊಡನೆ ನೀರು ಚಿಮ್ಮಿಸುವ ವ್ಯವಸ್ಥೆ ಇದ್ದಿತಾದರೂ, ಅದಕ್ಕೆ ನೀರು ಬರಬೇಕಾದುದು ನಗರದ ಮುಖ್ಯ ಕೊಳವೆಗಳಿಂದ. ಆ ಕೊಳವೆಗಳು ಒಡೆದುಹೋಗಿದ್ದವು. ಬೆಂಕಿ ತಡೆಯಿಲ್ಲದೆ ಸುಮಾರು ಏಳು ಗಂಟೆಗಳ ಕಾಲ ಉರಿಯಿತು. ಕಾವಿಗೆ ಉಕ್ಕಿನ ತೊಲೆಗಳು ಕರಗಲಿಲ್ಲ, ಹಿಗ್ಗಿದವು. ಹಿಗ್ಗಿದ ತೊಲೆಗಳು 13ನೆಯ ಮಹಡಿಯ ಒಂದು ದೊಡ್ಡ ತೊಲೆಯನ್ನು ಅದು ಕುಳಿತಿದ್ದ ಜಾಗದಿಂದ ಪಕ್ಕಕ್ಕೆ ತಳ್ಳಿದವು. ಅದು ಜಾರಿತು, ಆ ಮಹಡಿ ಕೆಳಗಿನದರ ಮೇಲೆ, ಅದು ಮತ್ತೂ ಕೆಳಗಿನದರ ಮೇಲೆ ಬೀಳುತ್ತ ಐದನೆಯ ಮಹಡಿಯವರೆಗೆ ಹೋಯಿತು. ಅಷ್ಟಾಗುವಾಗ ನಕ್ಷೆಯಲ್ಲಿ 79 ಎಂಬ ಅಂಕೆ ಹೊತ್ತಿದ್ದ ಕಂಬವೊಂದು ಒಂಬತ್ತು ಮಹಡಿಗಳಷ್ಟು ಎತ್ತರಕ್ಕೆ ಪಕ್ಕದ ಆಸರೆಯಿಲ್ಲದೆ ಒಂಟಿಯಾಗಿ ಉಳಿಯಿತು. ಅದು ಬಾಗಿತು. ಉಳಿದದ್ದೆಲ್ಲ ಕೆಲವೇ ಕ್ಷಣಗಳ ಮಾತು.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ಇದನ್ನು ಕಂಡುಹಿಡಿದು ಅಂತಿಮ ವರದಿ ಕೊಟ್ಟದ್ದು 2008ರ ನವೆಂಬರ್‌ನಲ್ಲಿ. ಏಳು ವರ್ಷಗಳು! ಬಿದ್ದದ್ದು ಬಿತ್ತು, ಅಲ್ಲಿ ಹೊಸದು ಎದ್ದೂ ಆಯಿತು, ಇನ್ನೇಕೆ ಹುಡುಕಾಟ ಎಂದು ಕೇಳಬಹುದಿತ್ತು. ಎತ್ತರದ ಕಟ್ಟಡವೊಂದು ಮುಖ್ಯವಾಗಿ ಬೆಂಕಿಯಿಂದಲೇ ಪೂರ್ಣ ಕುಸಿದ ಮೊದಲ ನಿದರ್ಶನ ಇದೆಂದು ವರದಿ ಗುರುತಿಸಿತು. ಮುಂದೆ ಹಾಗಾಗದಂತೆ ಮಾಡಬೇಕಾದುದನ್ನು ಶಿಫಾರಸುಗಳ ರೂಪದಲ್ಲಿ ಬರೆಯಿತು.

ದ್ರವ್ಯಾರ್ಥಿಕ ನಯದಿಂದ ನೋಡಿದರೆ ಅಲ್ಲಿ ಏನೂ ನಾಶವಾಗಲಿಲ್ಲ. ಪುದ್ಗಲ ಪುದ್ಗಲವಾಗಿಯೇ ಉಳಿಯಿತು. ಪರ್ಯಾಯಾರ್ಥಿಕ ನಯದಿಂದ ನೋಡಿದರೆ 47 ಮಹಡಿಗಳು ಇಲ್ಲವಾದವು. ಎರಡೂ ಸತ್ಯ. ಆದರೆ ಒಂದು ನಯವನ್ನು ಹಿಡಿದು ಇನ್ನೊಂದನ್ನು ಅಲ್ಲಗಳೆದರೆ ಅದು ನಯಾಭಾಸವಾಗುತ್ತದೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಕೊಳವೆಯಲ್ಲಿ ನೀರು ಬರಲಿಲ್ಲ ಎಂಬುದಕ್ಕೆ 'ಎಲ್ಲವೂ ಅನಿತ್ಯ' ಎಂಬುದು ಉತ್ತರವಲ್ಲ. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನೇ ಹೆಸರಿಸಿರುವುದು ಗಮನಾರ್ಹ. ಪ್ರಮಾದಗಳು ಹದಿನೈದು ಬಗೆ: ವಿಕಥೆಗಳು ನಾಲ್ಕು, ಕಷಾಯಗಳು ನಾಲ್ಕು, ಇಂದ್ರಿಯಗಳು ಐದು, ಜೊತೆಗೆ ನಿದ್ರೆ ಮತ್ತು ಸ್ನೇಹ. ಇಲ್ಲಿ ಸ್ನೇಹವೆಂದರೆ ಗೆಳೆತನವಲ್ಲ, ಅಂಟು. ನಿದ್ರಿಸುವವನಂತೆಯೇ ಅಂಟಿಕೊಂಡವನೂ ಎಚ್ಚರ ತಪ್ಪಿದವನೇ.

ಈ ಅಂಟನ್ನು ಬಿಡುವುದೆಂದರೇನು ಎಂಬುದಕ್ಕೆ ಆ ದಿನದ ಮಧ್ಯಾಹ್ನದಲ್ಲಿ ಒಂದು ಉದಾಹರಣೆಯಿದೆ. ಕಟ್ಟಡದಲ್ಲಿದ್ದ ಸಾವಿರಾರು ಜನ ಬೆಳಿಗ್ಗೆಯೇ ಹೊರಬಂದಿದ್ದರು. ಬೆಂಕಿ ಮಾತ್ರ ಉರಿಯುತ್ತಲೇ ಇತ್ತು, ಗೋಡೆಗಳಲ್ಲಿ ಉಬ್ಬು ಕಾಣಿಸತೊಡಗಿತ್ತು. ಅಂದು ಬೆಳಿಗ್ಗೆ ನ್ಯೂಯಾರ್ಕಿನ ಅಗ್ನಿಶಾಮಕ ದಳ ತನ್ನ 343 ಮಂದಿಯನ್ನು ಕಳೆದುಕೊಂಡಿತ್ತು. ದಳದ ಮುಖ್ಯಸ್ಥನೇ ಅವರಲ್ಲೊಬ್ಬ. ಅವನ ಸ್ಥಾನಕ್ಕೆ ಬಂದು ನಿಂತ ಡೇನಿಯಲ್ ನೀಗ್ರೊ ಎಂಬ ಅಧಿಕಾರಿ, ಈ ಕಟ್ಟಡವನ್ನು ಉಳಿಸುವ ಯತ್ನವನ್ನು ಬಿಟ್ಟು ಸುತ್ತಲಿನ ಎಲ್ಲರೂ ದೂರ ಸರಿಯಬೇಕೆಂದು ಆಜ್ಞೆ ಮಾಡಿದ. ಅದಕ್ಕಾಗಿ ಕಟ್ಟಡದ ಮಾಲೀಕರ ಒಪ್ಪಿಗೆಯನ್ನು ಅವನು ಕಾಯಲಿಲ್ಲ. ಹಲವು ಗಂಟೆಗಳ ನಂತರ ಕಟ್ಟಡ ಕುಸಿದಾಗ ಅದರಡಿಯಲ್ಲಿ ಒಂದು ಜೀವವೂ ಸಿಕ್ಕಿಕೊಂಡಿರಲಿಲ್ಲ. ಅಜೀವವನ್ನು ಬಿಟ್ಟುಕೊಟ್ಟು ಜೀವವನ್ನು ಉಳಿಸಿದ ಆ ನಿರ್ಧಾರವನ್ನು ಧರ್ಮಗ್ರಂಥಗಳ ಭಾಷೆಯಲ್ಲಿ ಏನೆಂದು ಕರೆಯಬೇಕೋ ತಿಳಿದವರು ಕರೆಯಲಿ. ಅನಿತ್ಯಭಾವನೆ ಸರಿಯಾದ ಹೊತ್ತಿಗೆ ಕೆಲಸಕ್ಕೆ ಬಂದದ್ದು ಹೀಗೆ. ಎಚ್ಚರ ತಪ್ಪಲು ಅದು ನೆಪವಾಗಲಿಲ್ಲ. ಯಾವುದನ್ನು ಬಿಡಬೇಕು ಎಂಬ ವಿವೇಕವಾಯಿತು.

ಮರಳಿ ಕಟ್ಟುವ ಕೆಲಸದಲ್ಲಿಯೂ ಈ ವಿವೇಕದ ಕೆಲವು ಗುರುತುಗಳಿವೆ. ಹಳೆಯ ಕಟ್ಟಡ ವಿದ್ಯುತ್ ಉಪಕೇಂದ್ರವೊಂದರ ಮೇಲೆ ನಿಂತಿತ್ತು. ಆ ಭಾಗದ ನಗರಕ್ಕೆ ಬೆಳಕು ಬೇಕಿದ್ದುದರಿಂದ ಮೊದಲು ಎದ್ದು ನಿಂತದ್ದು ಉಪಕೇಂದ್ರವೇ. ಹೊಸ ಸೌಧದ ಕೆಳಗಿನ ಹತ್ತು ಮಹಡಿಗಳಷ್ಟು ಎತ್ತರವನ್ನು ಇಂದಿಗೂ ಅದರ ಪರಿವರ್ತಕಗಳು ಆಕ್ರಮಿಸಿವೆ. ವಾಸ್ತುಶಿಲ್ಪಿ ಡೇವಿಡ್ ಚೈಲ್ಡ್ಸ್ ಹಳೆಯ ನಕ್ಷೆಯನ್ನು ಹಾಗೆಯೇ ಎತ್ತಿಕೊಳ್ಳಲಿಲ್ಲ. ಹಳೆಯದು ಗ್ರೀನಿಚ್ ಬೀದಿಯನ್ನು ನುಂಗಿ ನಿಂತಿದ್ದರೆ, ಹೊಸದು ಕಿರಿದಾದ ತಳದ ಮೇಲೆ ನಿಂತು ಬೀದಿಗೆ ದಾರಿ ಬಿಟ್ಟಿತು. ಎದುರಿಗೆ ಸಣ್ಣದೊಂದು ಉದ್ಯಾನಕ್ಕೂ ಜಾಗವಾಯಿತು. ಎತ್ತರ ಹೆಚ್ಚಿದರೂ ಒಳಗಿನ ಒಟ್ಟು ಜಾಗ ಹಿಂದಿನದಕ್ಕಿಂತ ಕಡಿಮೆ. ಕಳೆದುಕೊಂಡವನು ಮರಳಿ ಪಡೆಯುವಾಗ ಒಂದಿಷ್ಟು ಹೆಚ್ಚೇ ಕೇಳುವುದು ಲೋಕರೂಢಿ. ನ್ಯೂಯಾರ್ಕಿನಂಥ ಊರಿನಲ್ಲಿ, ಅಡಿ ಜಾಗಕ್ಕೆ ಚಿನ್ನದ ಬೆಲೆಯಿರುವಲ್ಲಿ, ಯಾವ ಕಾರಣಕ್ಕೇ ಆಗಲಿ ಹೀಗೊಂದು ಪರಿಮಾಣ ಏರ್ಪಟ್ಟದ್ದು ಪರಿಗ್ರಹ ಪರಿಮಾಣ ವ್ರತವನ್ನು ಬಲ್ಲವರಿಗೆ ಕುತೂಹಲ ಹುಟ್ಟಿಸುವ ಸಂಗತಿ. ಅದನ್ನು ವ್ರತವೆಂದು ಕರೆಯಲಾಗದು, ಅದು ವ್ಯಾಪಾರದ ಕಟ್ಟಡ. ಆದರೂ ಬೀದಿ ಬೀದಿಗೆ ಮರಳಿತು.

ಮೆಟ್ಟಿಲುಗಳನ್ನು ನಿಯಮ ಕೇಳಿದ್ದಕ್ಕಿಂತ ಅಗಲವಾಗಿ ಕಟ್ಟಲಾಯಿತು. ಮೆಟ್ಟಿಲು ಮತ್ತು ಲಿಫ್ಟುಗಳ ಸುತ್ತ ಎರಡು ಅಡಿ ದಪ್ಪದ ಕಾಂಕ್ರೀಟಿನ ಗೋಡೆ ಎದ್ದಿತು. ಮಳೆನೀರನ್ನು ಹಿಡಿದಿಟ್ಟು ಉದ್ಯಾನಕ್ಕೂ ಕಟ್ಟಡವನ್ನು ತಂಪಾಗಿಡಲಿಕ್ಕೂ ಬಳಸಲಾಗುತ್ತದೆ. ಇವೆಲ್ಲ ನಡೆದದ್ದು ತನಿಖೆಯ ವರದಿ ಕೈಸೇರುವ ಮೊದಲೇ ಎಂಬುದನ್ನು ಗಮನಿಸಬೇಕು. ಕಾರಣ ಪೂರ್ತಿ ತಿಳಿದ ಮೇಲೆ ಎಚ್ಚರ ವಹಿಸೋಣ ಎಂದು ಅವರು ಕೂರಲಿಲ್ಲ; ಎಚ್ಚರ ವಹಿಸಿಯಾಯಿತೆಂದು ಕಾರಣ ಹುಡುಕುವುದನ್ನು ಇವರು ಬಿಡಲೂ ಇಲ್ಲ. ಜೈನಗೃಹಸ್ಥನ ನಿತ್ಯಕ್ರಮದಲ್ಲಿ ಆಲೋಚನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನಗಳೆಂದು ಮೂರು ಮಾತುಗಳು ಬರುತ್ತವೆ. ಆದ ದೋಷವನ್ನು ಮರೆಮಾಚದೆ ನೋಡುವುದು, ಅದರಿಂದ ಹಿಂದಿರುಗುವುದು, ಮುಂದೆ ಮಾಡೆನೆಂದು ಕೈಬಿಡುವುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಯಿಪಾಠವಾಗಿ ಒಪ್ಪಿಸುವ ಈ ಮೂರು ಮಾತುಗಳು ಕಟ್ಟಡ ಕಟ್ಟುವವರಿಗೂ ಸಲ್ಲುತ್ತವೆಯೇ ಎಂದು ಯೋಚಿಸಿದವರು ಕಡಿಮೆ.

ನಮ್ಮ ನಾಡಿನಲ್ಲಿಯೂ ಇದಕ್ಕೆ ನಿದರ್ಶನವಿದೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಮೈಸೂರಿನ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಅದೇ ವರ್ಷ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಹೊಸ ಅರಮನೆಯ ಕೆಲಸ ಒಪ್ಪಿಸಿದರು. ಮರದ ಜಾಗಕ್ಕೆ ಕಲ್ಲು ಬಂತು. ಕಲ್ಯಾಣಮಂಟಪಕ್ಕೆ ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳು ಬಂದವು. 1912ರಲ್ಲಿ ಮುಗಿಯುವ ಹೊತ್ತಿಗೆ 41,47,913 ರೂಪಾಯಿ ವೆಚ್ಚವಾಗಿತ್ತು. ದಸರೆಯ ದೀಪಾಲಂಕಾರದಲ್ಲಿ ಇಂದು ಕಣ್ಸೆಳೆಯುವ ಆ ಸೌಂದರ್ಯದ ಹಿಂದೆ ಸುಟ್ಟ ಮನೆಯೊಂದು ಕಲಿಸಿದ ಪಾಠವಿದೆ.

ಪಾಠ ಕಲಿಯದ ಪ್ರಸಂಗಗಳಿಗೂ ಬರವಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ ಹೊಗೆ ತುಂಬಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಉಸಿರಾಡಲಾಗದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಕಟ್ಟಡ ಬೀಳಲಿಲ್ಲ, ಜೀವಗಳು ಹೋದವು. ನ್ಯೂಯಾರ್ಕಿನ ಆ ಸಂಜೆಯ ತಿರುವುಮುರುವು ಇದು. ಮಡಿದವರ ಬಂಧುಗಳು, ಬದುಕುಳಿದವರು ಸೇರಿ 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಘಟನೆ ಕಟ್ಟಿ ಅಗ್ನಿ ಸುರಕ್ಷತೆಯ ಅರಿವು ಮೂಡಿಸುವ ಕೆಲಸಕ್ಕೆ ತೊಡಗಿದರು. ಶೋಕವನ್ನು ನಮ್ಮ ಶಾಸ್ತ್ರ ನೋಕಷಾಯಗಳಲ್ಲಿ ಒಂದೆಂದು ಎಣಿಸುತ್ತದೆ. ಮಗ, ಮಗಳು ಹೋದ ಮನೆಯಲ್ಲಿ ಶೋಕಿಸಬೇಡಿ ಎಂದು ಹೇಳುವ ಧೈರ್ಯ ಯಾರಿಗಿದೆ? ಆ ಬಂಧುಗಳು ಶೋಕವನ್ನು ಅದುಮಲಿಲ್ಲ, ಅದರಲ್ಲಿ ಮುಳುಗಿಯೂ ಹೋಗಲಿಲ್ಲ. ಅದನ್ನು ಇನ್ನೊಬ್ಬರ ಮಕ್ಕಳ ಕಡೆಗೆ ತಿರುಗಿಸಿದರು. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡವೊಂದು ಕುಸಿದು 19 ಮಂದಿ ಮಡಿದದ್ದು ಇನ್ನೂ ಹಸಿಯಾದ ನೆನಪು.

ರಾಯಚೂರಿನವರಿಗೆ ಕಟ್ಟುವ, ಕೆಡಹುವ, ಮತ್ತೆ ಕಟ್ಟುವ ಕಥೆ ಹೊಸತಲ್ಲ. ಊರ ನಡುವಿನ ಕೋಟೆಯಲ್ಲಿ ಕಾಕತೀಯರ ಕಾಲದ 1294ರ ಶಾಸನ ಹೊತ್ತ, ನಲವತ್ತು ಅಡಿಗೂ ಉದ್ದದ ಕಲ್ಲೊಂದು ಗೋಡೆಯಲ್ಲಿದೆ. ಅದನ್ನು ಬಂಡಿಯ ಮೇಲೆ ಹೇಗೆ ಎಳೆದು ತಂದರೆಂಬ ಚಿತ್ರವನ್ನೂ ಬಳಿಯಲ್ಲೇ ಕೊರೆದಿದ್ದಾರೆ. ಆ ಮೇಲೆ ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ತಮ್ಮ ತಮ್ಮ ಕಾಲದಲ್ಲಿ ಈ ಕೋಟೆಯನ್ನು ಆಳಿದರು. 1520ರಲ್ಲಿ ಕೃಷ್ಣದೇವರಾಯನ ಮುತ್ತಿಗೆಯನ್ನೂ ಕಂಡ ಗೋಡೆಗಳಿವು. ಯಾರ ಕೋಟೆ ಎಂಬ ಪರ್ಯಾಯ ಎಷ್ಟು ಬಾರಿ ಬದಲಾಯಿತೆಂದು ಲೆಕ್ಕ ಹಾಕುವುದು ಕಷ್ಟ.

ಆದರೆ ಕೋಟೆಗಿಂತ ಹತ್ತಿರದ ಮಾತು ಮನೆಯದು. ದೇವದುರ್ಗ, ಮಾನ್ವಿಗಳ ಕಡೆ ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಇವೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಹಾಮಳೆಗೆ ಜಿಲ್ಲೆಯಲ್ಲಿ ಇಂಥ ಎಷ್ಟೋ ಮನೆಗಳು ನೆನೆದು ಕುಸಿದವು. ಹೊಳೆದಂಡೆಯ ಊರುಗಳಿಗೆ ಸರ್ಕಾರ 'ಆಸರೆ' ಯೋಜನೆಯಲ್ಲಿ ಬೇರೆಡೆ ಮನೆ ಕಟ್ಟಿಸಿತು. ಮಾಳಿಗೆ ಸೋರಿ ಜಂತಿ ಕರಕರ ಎನ್ನತೊಡಗಿದ ಮೇಲೂ ಒಳಗಿನ ಪೆಟ್ಟಿಗೆಗಾಗಿ, ಜೋಳದ ಚೀಲಕ್ಕಾಗಿ ಹೊರಗೆ ಬಾರದ ಹಿರಿಯರನ್ನು ಇಲ್ಲಿನ ಜನ ಬಲ್ಲರು. ಬಡವನ ಪಾಲಿಗೆ ಆ ಚೀಲವೇ ವರ್ಷದ ಅನ್ನ; ಅದನ್ನು ಲೋಭವೆಂದು ಕರೆಯುವುದು ನಿರ್ದಯ. ಆದರೂ ತೊಲೆಗೆ ಅದು ತಿಳಿಯದು.

ಬಿದ್ದ ಮನೆಯ ಕಲ್ಲನ್ನೇ ಹೊಸ ಮನೆಯ ಅಡಿಪಾಯಕ್ಕೆ ಹಾಕುವ, ಹಳೆಯ ತಲೆಬಾಗಿಲನ್ನೇ ಮತ್ತೆ ನಿಲ್ಲಿಸುವ ವಾಡಿಕೆ ಈ ಕಡೆ ಉಂಟು. ಸೊಗಸಾದ ವಾಡಿಕೆ, ಹಿರಿಯರು ದಾಟಿದ ಹೊಸ್ತಿಲನ್ನು ಮೊಮ್ಮಕ್ಕಳೂ ದಾಟುತ್ತಾರೆ. ಅದರ ಜೊತೆಗೆ ಬಿದ್ದದ್ದೇಕೆ ಎಂದು ಕೇಳುವ ವಾಡಿಕೆ ಬೆಳೆಯಲಿಲ್ಲ. ಎರೆಮಣ್ಣು ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಕಾವಿಗೆ ಹಿಗ್ಗಿದ ಉಕ್ಕು ಅಲ್ಲಿ ಮಾಡಿದ್ದನ್ನು, ನೀರಿಗೆ ಹಿಗ್ಗಿದ ಎರೆ ಇಲ್ಲಿ ಸದ್ದಿಲ್ಲದೆ ಮಾಡುತ್ತದೆ. ಗೋಡೆಯ ಮೂಲೆಯಲ್ಲಿ ಓರೆಯಾಗಿ ಮೂಡಿದ ಬಿರುಕಿಗೆ ಹಬ್ಬಕ್ಕೆ ಮುನ್ನ ಸಿಮೆಂಟು ಮೆತ್ತಿ ಸುಣ್ಣ ಬಳಿಯುತ್ತೇವೆ. ಆ ಮೇಲೆ ಅದೇ ಅಡಿಪಾಯದ ಮೇಲೆ ಮೊದಲ ಮಹಡಿ, ಮಗನ ಮದುವೆಗೆ ಎರಡನೆಯದು. ಕೆಳಗೆ ಅಂಗಡಿ ಮಳಿಗೆ, ಮೇಲೆ ಟ್ಯೂಷನ್ ಕೊಠಡಿ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದ ಮೆಟ್ಟಿಲು, ಮೆಟ್ಟಿಲ ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳು. ಮನೆ ಕಟ್ಟುವಾಗ ನೆಲದೊಳಗಿನ ಜೀವಿಗಳಿಗೆ ಆಗುವ ಹಾನಿಯನ್ನು ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ ಹಿಂಸೆಯೆಂದು ಶಾಸ್ತ್ರ ವಿಂಗಡಿಸಿದೆ. ಅದರಲ್ಲೂ ಯತ್ನಾಚಾರವಿರಬೇಕೆಂದು ವಿಧಿಸಿದೆ. ಇರುವೆಯ ಸಾಲನ್ನು ತಪ್ಪಿಸಿ ಹೆಜ್ಜೆಯಿಡುವ ಸಜ್ಜನರ ಮಳಿಗೆಯಲ್ಲಿ ಟ್ಯೂಷನ್ನಿಗೆ ಬರುವ ನಲವತ್ತು ಮಕ್ಕಳಿಗೆ ಇಳಿಯಲು ಇರುವುದು ಅದೊಂದೇ ದಾರಿ.

ಈ ಊರುಗಳ ಮಕ್ಕಳು ಈಗ ಬೆಂಗಳೂರು, ಹೈದರಾಬಾದುಗಳ ಗಾಜಿನ ಸೌಧಗಳಲ್ಲಿ ಕೆಲಸಕ್ಕಿದ್ದಾರೆ. ರಾತ್ರಿ ಫೋನಿನಲ್ಲಿ ತಾಯಂದಿರು ಕೇಳುವ ಪ್ರಶ್ನೆಗಳು ನಿಶ್ಚಿತ: ಹೊತ್ತು ಮುಳುಗುವ ಮುನ್ನ ಊಟ ಆಯಿತೇನಪ್ಪಾ, ಗಾಳಿಸಿದ ನೀರು ಸಿಗುತ್ತದೆಯೇ, ಕಂದಮೂಲ ಹಾಕದ ಪಲ್ಯ ಮಾಡಿಕೊಡುತ್ತಾರೆಯೇ. ಹದಿನಾಲ್ಕನೆಯ ಮಹಡಿಯಿಂದ ಇಳಿಯುವ ಮೆಟ್ಟಿಲು ಎಲ್ಲಿದೆ ಎಂದು ಕೇಳಿದ ತಾಯಿ ಅಪರೂಪ. ಕೇಳಿದರೂ ಲಿಫ್ಟ್ ಇದೆಯಲ್ಲವ್ವಾ ಎಂಬ ಉತ್ತರ ಬರುವುದು ಸಹಜ. ಅಂಥ ಕಚೇರಿಗಳಲ್ಲಿ ಆಗಾಗ ಬೆಂಕಿಯ ಅಣಕು ಪ್ರದರ್ಶನ ನಡೆಯುತ್ತದೆ. ಗಂಟೆ ಬಾರಿಸುತ್ತದೆ, ಕಾವಲುಗಾರ ಬಾಗಿಲಲ್ಲಿ ನಿಂತು ಎಲ್ಲರೂ ಮೆಟ್ಟಿಲಿನಿಂದ ಇಳಿಯಿರಿ ಎಂದು ಕೂಗುತ್ತಾನೆ. ಕೆಲವರು ಏಳುತ್ತಾರೆ. ಉಳಿದವರು ಇದೊಂದು ಕೆಲಸ ಮುಗಿಸಿ ಬರುತ್ತೇನೆಂದು ಕೈಸನ್ನೆ ಮಾಡಿ ಮತ್ತೆ ಕಂಪ್ಯೂಟರಿನ ಕಡೆ ತಿರುಗುತ್ತಾರೆ.